ಕೊನೆಯ ಸಾಲಿಗೂ ಒಂದು ಗಂಟು

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಒಂದು ಚಿಕ್ಕ ಕಂಪನಿಯಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾವು ಡೆಲಿವರಿ ಕೊಡುವ ಏರಿಯಾಗಳ ಪಟ್ಟಿ ತೋರಿಸುವ ಒಂದು ಕಮಾಂಡ್‌ಲೈನ್ ಟೂಲ್ ಬರೆದಿದ್ದೇನೆ. ಒಂದು ಸಾಲಿಗೆ ಒಂದು ಏರಿಯಾ. ಪೈಥಾನ್‌ನಲ್ಲಿ ಹೆಸರುಗಳ ನಡುವೆ ನ್ಯೂಲೈನ್ (ಸಾಲು ಮುಗಿಸುವ, ಕಣ್ಣಿಗೆ ಕಾಣದ ಅಕ್ಷರ) ಇಟ್ಟು ಜಾಯಿನ್ ಮಾಡಿ ಹಾಗೇ ಬರೆಯುತ್ತೇನೆ. ಹೆಸರು 12 ಇವೆ, ಆದರೆ ಸಾಲು ಎಣಿಸುವ ಡಬ್ಲ್ಯೂಸಿ ಕಮಾಂಡ್ 11 ಅನ್ನುತ್ತದೆ. ಪಟ್ಟಿ ಓದುವ ಶೆಲ್ ಸ್ಕ್ರಿಪ್ಟ್ ಕೊನೆಯ ಯಲಹಂಕವನ್ನು ಬಿಟ್ಟೇಬಿಡುತ್ತದೆ. ಕೊನೆಗೊಂದು ನ್ಯೂಲೈನ್ ಹಾಕು ಅಂತ ಒಬ್ಬ ಸೀನಿಯರ್ ಹೇಳಿದರು. ಹಾಕಬೇಡ, ಇದೇ ಟೂಲ್‌ನಲ್ಲಿ ಟೋಕನ್ (ಪಾಸ್‌ವರ್ಡ್ ಥರದ ಗುಟ್ಟಿನ ಪಠ್ಯ) ಕೊಡುವ ಕಮಾಂಡ್ ಕೆಡುತ್ತದೆ ಅಂತ ಇನ್ನೊಬ್ಬರು ಹೇಳಿದರು. ಯಾರ ಮಾತು ಸರಿ? ಎಲ್ಲ ಟೂಲ್‌ಗಳೂ ಇದರಲ್ಲಿ ಒಂದೇ ಥರ ಯಾಕೆ ಇಲ್ಲ?

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಅವರು ಎರಡು ಬೇರೆ ಕಮಾಂಡ್‌ಗಳ ಬಗ್ಗೆ ಮಾತಾಡುತ್ತಿದ್ದಾರೆ, ಅಷ್ಟೇ. ಪಟ್ಟಿ ಕೊಡುವ ಕಮಾಂಡ್ ಮಟ್ಟಿಗೆ ಮೊದಲನೆಯವರ ಮಾತು ಪೂರ್ತಿ ಸರಿ. ಟೋಕನ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಲ್ಲಿ ಎರಡನೆಯವರ ಭಯ ಅರ್ಧ ನಿಜ.

ಮೊದಲು ಆ 11ರ ಲೆಕ್ಕ ನೋಡೋಣ. ಗಾಂಧಿ ಬಜಾರ್‌ನಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತವರ ಬೆರಳನ್ನು ಒಂದು ನಿಮಿಷ ನಿಂತು ನೋಡಿ. ಎರಡು ಹೂವು ಈ ಕಡೆ, ಎರಡು ಆ ಕಡೆ, ದಾರ ಸುತ್ತಿ ಒಂದು ಗಂಟು. ಮತ್ತೆ ನಾಲ್ಕು ಹೂವು, ಮತ್ತೊಂದು ಗಂಟು. ಆ ಗಂಟು ಎರಡು ಕಟ್ಟುಗಳ ನಡುವೆ ಹಾಕಿದ ಬೇಲಿ ಅಲ್ಲ. ಪ್ರತಿ ಕಟ್ಟಿಗೂ ಅದರದೇ ಗಂಟು. ಕೊನೆಯ ಕಟ್ಟಿಗೆ ಗಂಟು ಬೀಳದಿದ್ದರೆ ಮಾಲೆ ಎತ್ತಿದ ಕೂಡಲೇ ಆ ಹೂವು ಉದುರುತ್ತದೆ.

ಯುನಿಕ್ಸ್ ಲೋಕದಲ್ಲಿ ನ್ಯೂಲೈನ್ ಅಂದರೆ ಈ ಗಂಟು. ಯುನಿಕ್ಸ್ ಥರದ ಸಿಸ್ಟಮ್‌ಗಳ ಪಾಸಿಕ್ಸ್ ಸ್ಟ್ಯಾಂಡರ್ಡ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ನ್ಯೂಲೈನ್ ಅಲ್ಲದ ಸೊನ್ನೆ ಅಥವಾ ಹೆಚ್ಚು ಅಕ್ಷರಗಳು, ಜೊತೆಗೆ ಮುಗಿಸುವ ಒಂದು ನ್ಯೂಲೈನ್, ಇಷ್ಟು ಸೇರಿದರೆ ಒಂದು ಸಾಲು. ಕೊನೆಯಲ್ಲಿ ನ್ಯೂಲೈನ್ ಇಲ್ಲದೆ ಉಳಿದ ಅಕ್ಷರಗಳನ್ನು ಅದು ಸಾಲು ಅಂತಲೇ ಕರೆಯುವುದಿಲ್ಲ. ಅದಕ್ಕೆ 'ಅಪೂರ್ಣ ಸಾಲು' ಎಂಬ ಬೇರೆ ಹೆಸರೇ ಇದೆ. ಡಬ್ಲ್ಯೂಸಿಗೆ ಎಲ್ ಆಪ್ಷನ್ ಕೊಟ್ಟಾಗ ಅದು ಎಣಿಸುವುದು ಹೆಸರುಗಳನ್ನಲ್ಲ, ಗಂಟುಗಳನ್ನು. ನಿಮ್ಮ ಪಟ್ಟಿಯಲ್ಲಿ 12 ಕಟ್ಟು, 11 ಗಂಟು. ಅದು ಸುಳ್ಳು ಹೇಳಿಲ್ಲ.

ಸ್ಕ್ರಿಪ್ಟ್ ಯಲಹಂಕವನ್ನು ಬಿಟ್ಟಿದ್ದು ಇನ್ನೂ ಸೂಕ್ಷ್ಮ. ಬ್ಯಾಷ್‌ನ ರೀಡ್ ಕಮಾಂಡ್ ಯಲಹಂಕವನ್ನು ಓದಿದೆ! ವೇರಿಯಬಲ್‌ಗೂ ಹಾಕಿದೆ. ಆದರೆ ನ್ಯೂಲೈನ್ ಸಿಗುವ ಮೊದಲೇ ಫೈಲ್ ಮುಗಿಯಿತು. ಹಾಗಾಗಿ ಅದು ವಾಪಸ್ ಬರುವಾಗ 'ಫೇಲ್' ಅಂತ ಹೇಳಿ ಬರುತ್ತದೆ. ವೈಲ್ ಲೂಪ್ ಆ ಮಾತು ಕೇಳಿ ಅಲ್ಲೇ ನಿಲ್ಲುತ್ತದೆ. ಕೈಗೆ ಬಂದ ಯಲಹಂಕ ಬಾಯಿಗೆ ಬರಲಿಲ್ಲ. ಸ್ಕ್ರಿಪ್ಟ್ ಬರೆದವರು ಲೂಪಿನ ಷರತ್ತಿಗೆ 'ಅಥವಾ ವೇರಿಯಬಲ್ ಖಾಲಿ ಇಲ್ಲದಿದ್ದರೆ' ಅಂತ ಸೇರಿಸಿದರೆ ಇದು ನಿಲ್ಲುತ್ತದೆ. ಅವರಿಗೂ ಹೇಳಿ, ಯಾಕೆಂದರೆ ನಾಳೆ ಬೇರೆ ಯಾರದೋ ಫೈಲ್‌ನಲ್ಲಿ ಇದೇ ಆಗುತ್ತದೆ.

ಮೂರನೆಯ ತೊಂದರೆ ನಿಮಗಿನ್ನೂ ಎದುರಾಗಿಲ್ಲ, ಆದರೆ ಬರುತ್ತದೆ. ನಿಮ್ಮ ಪಟ್ಟಿಯ ಹಿಂದೆ ಇನ್ನೊಂದು ಪಟ್ಟಿಯನ್ನು ಕ್ಯಾಟ್ ಕಮಾಂಡ್‌ನಿಂದ ಸೇರಿಸಿ ನೋಡಿ. ಎರಡನೆಯ ಪಟ್ಟಿಯ ಮೊದಲ ಹೆಸರು ಹೆಬ್ಬಾಳ ಅಂತಿಟ್ಟುಕೊಳ್ಳಿ. 'ಯಲಹಂಕಹೆಬ್ಬಾಳ' ಅನ್ನುವ ಹೊಸ ಏರಿಯಾ ಹುಟ್ಟುತ್ತದೆ. ಎರಡು ಹೆಸರು ಹೋಗಿ ಒಂದಾಯಿತು, ಎರಡೂ ಕಡೆ ಡೆಲಿವರಿ ನಿಂತಿತು.

ಇದು ನನಗೇ ಆಗಿದೆ. ಕೆಲವು ವರ್ಷದ ಹಿಂದೆ ಒಂದು ಕಂಪನಿಯಲ್ಲಿ ಸರ್ವರ್‌ಗಳ ಜವಾಬ್ದಾರಿ ನನ್ನದಾಗಿತ್ತು. ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಲಾಗಿನ್ ಕೊಡಬೇಕಿತ್ತು. ಅವಳ ಎಸ್ಎಸ್ಎಚ್ ಕೀಯನ್ನು (ಲಾಗಿನ್‌ಗೆ ಪಾಸ್‌ವರ್ಡ್ ಬದಲು ಬಳಸುವ ಒಂದು ಸಾಲಿನ ಪಠ್ಯ) ಸರ್ವರ್‌ನ ಅನುಮತಿ ಕೀಗಳ ಫೈಲಿನ ಕೊನೆಗೆ ಸೇರಿಸಿದೆ. ಅವಳಿಗೆ ಲಾಗಿನ್ ಆಗಲಿಲ್ಲ. ಕೀ ತಪ್ಪಾಗಿ ಕಳಿಸಿದ್ದಾಳೆ ಅಂದುಕೊಂಡೆ. ಅವಳು ಪಾಪ ಮತ್ತೆ ಕಳಿಸಿದಳು, ಅದೇ ಕೀ. ಅದೇ ಕಮಾಂಡ್ ಇನ್ನೊಮ್ಮೆ ಓಡಿಸಿದೆ. ಈ ಸಲ ಆಯಿತು! ಒಂದೇ ಕೀ, ಒಂದೇ ಕಮಾಂಡ್, ಮೊದಲ ಸಲ ಇಲ್ಲ, ಎರಡನೇ ಸಲ ಹೌದು. ಸುಮ್ನೆ ಬಿಡಲು ಮನಸ್ಸಾಗಲಿಲ್ಲ, ಫೈಲ್ ತೆರೆದು ನೋಡಿದೆ. ಹಳೆಯ ಕೊನೆಯ ಸಾಲಿಗೆ ನ್ಯೂಲೈನ್ ಇರಲಿಲ್ಲ. ಹಾಗಾಗಿ ಮೊದಲ ಸಲ ಅವಳ ಕೀ ಆ ಸಾಲಿನ ಬಾಲಕ್ಕೇ ಅಂಟಿಕೊಂಡಿತ್ತು. ಆ ಫೈಲ್‌ನಲ್ಲಿ ಕೀ ಆದ ಮೇಲೆ ಬರುವುದೆಲ್ಲ ಕಾಮೆಂಟ್, ಅಂದರೆ ಸರ್ವರ್ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿ. ಅಂದರೆ ಅವಳ ಕೀ ಬೇರೊಬ್ಬರ ಕೀಯ ಕಾಮೆಂಟ್ ಆಗಿಹೋಗಿತ್ತು. ಎರಡನೇ ಸಲ ಸೇರಿಸುವ ಹೊತ್ತಿಗೆ ಮೊದಲ ಸಲದ್ದರ ಕೊನೆಯಲ್ಲಿ ನ್ಯೂಲೈನ್ ಬಂದಿತ್ತು, ಆದ್ದರಿಂದ ಹೊಸ ಸಾಲಿನಲ್ಲಿ ಸರಿಯಾಗಿ ಕೂತಿತು. ಕಣ್ಣಿಗೆ ಕಾಣದ ಒಂದು ಬೈಟ್. ನಾನು ಆ ಹುಡುಗಿಯ ಕ್ಷಮೆ ಕೇಳಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಎಲ್ಲವೂ ಒಂದೇ ಥರ ಯಾಕಿಲ್ಲ? ಮೂಲದಲ್ಲೇ ಇಲ್ಲ, ಅದಕ್ಕೆ. ಸಿ ಭಾಷೆಯ ನಾಲ್ಕು ಫಂಕ್ಷನ್ ತೆಗೆದುಕೊಳ್ಳಿ. ಗೆಟ್ಸ್ ಸಾಲು ಓದಿ ನ್ಯೂಲೈನ್ ಬಿಸಾಡುತ್ತದೆ. ಎಫ್‌ಗೆಟ್ಸ್ ಉಳಿಸಿಕೊಳ್ಳುತ್ತದೆ. ಪುಟ್ಸ್ ತಾನೇ ನ್ಯೂಲೈನ್ ಸೇರಿಸುತ್ತದೆ. ಎಫ್‌ಪುಟ್ಸ್ ಸೇರಿಸುವುದಿಲ್ಲ. ಒಂದೇ ಲೈಬ್ರರಿ, ಹೆಚ್ಚೂಕಡಿಮೆ ಒಂದೇ ಹೆಸರು, ನಡತೆ ಮಾತ್ರ ತದ್ವಿರುದ್ಧ. ಜೋಡಿಯಾಗಿ ನೋಡಿದರೆ ಅದರಲ್ಲೂ ಒಂದು ಲೆಕ್ಕ ಇದೆ. ತೆಗೆಯುವ ಗೆಟ್ಸ್‌ಗೆ ಹಾಕುವ ಪುಟ್ಸ್, ಉಳಿಸುವ ಎಫ್‌ಗೆಟ್ಸ್‌ಗೆ ಸುಮ್ಮನಿರುವ ಎಫ್‌ಪುಟ್ಸ್. ಆದರೆ ಗೆಟ್ಸ್ ಅಪಾಯಕಾರಿ ಅಂತ 2011ರ ಸಿ ಸ್ಟ್ಯಾಂಡರ್ಡ್ ಅದನ್ನು ತೆಗೆದುಹಾಕಿತು. ಪುಟ್ಸ್ ಜೊತೆಗಾರನಿಲ್ಲದೆ ಉಳಿಯಿತು. ಎಫ್‌ಗೆಟ್ಸ್‌ನಲ್ಲಿ ಓದಿ ಪುಟ್ಸ್‌ನಲ್ಲಿ ಬರೆದು, ಸಾಲುಗಳ ಮಧ್ಯೆ ಖಾಲಿ ಸಾಲು ಯಾಕೆ ಬಂತು ಅಂತ ಕೇಳದ ವಿದ್ಯಾರ್ಥಿಯನ್ನು ನಾನು ನೋಡಿಲ್ಲ.

ಉಳಿಸಿಕೊಳ್ಳುವುದಕ್ಕೂ ಕಾರಣ ಇದೆ. ಎಫ್‌ಗೆಟ್ಸ್‌ಗೆ ನೀವು ಕೊಡುವ ಜಾಗಕ್ಕೆ ಒಂದು ಮಿತಿ ಇರುತ್ತದೆ. ಕೊನೆಯಲ್ಲಿ ನ್ಯೂಲೈನ್ ಕಂಡರೆ ಸಾಲು ಪೂರ್ತಿ ಬಂದಿದೆ ಅಂತ ಗೊತ್ತಾಗುತ್ತದೆ. ಕಾಣದಿದ್ದರೆ ಒಂದೋ ಜಾಗ ಸಾಲದಾಯಿತು, ಇಲ್ಲವೇ ಫೈಲ್ ಮುಗಿಯಿತು. ಪೈಥಾನ್‌ನ ರೀಡ್‌ಲೈನ್ ಕೂಡ ಇದೇ ದಾರಿ ಹಿಡಿದಿದೆ. ಖಾಲಿ ಸಾಲು ಬಂದರೆ ಕೈಗೆ ಒಂದು ನ್ಯೂಲೈನ್ ಸಿಗುತ್ತದೆ, ಫೈಲ್ ಮುಗಿದಿದ್ದರೆ ಏನೂ ಸಿಗುವುದಿಲ್ಲ. ನ್ಯೂಲೈನ್ ತೆಗೆದಿದ್ದರೆ ಆ ಎರಡೂ ಒಂದೇ ಥರ ಕಾಣುತ್ತಿದ್ದವು. ಅದೇ ಪೈಥಾನ್‌ನ ಇನ್‌ಪುಟ್ ಫಂಕ್ಷನ್ ತೆಗೆದುಬಿಡುತ್ತದೆ, ಯಾಕೆಂದರೆ ಅಲ್ಲಿ ಮನುಷ್ಯ ಎಂಟರ್ ಒತ್ತಿರುತ್ತಾನೆ, ಆ ಎಂಟರ್ ಉತ್ತರದ ಭಾಗವಲ್ಲ. ರೂಬಿಯ ಗೆಟ್ಸ್ ಉಳಿಸುತ್ತದೆ, ಗೋ ಭಾಷೆಯ ಸ್ಕ್ಯಾನರ್ ತೆಗೆಯುತ್ತದೆ.

ಟೂಲ್‌ಗಳ ಕಥೆಯೂ ಹೀಗೇ. ಲಿನಕ್ಸ್ ಜೊತೆ ಬರುವ ಗ್ನೂ ಟೂಲ್‌ಗಳಲ್ಲೇ ನೋಡಿ. ಕೊನೆಯ ನ್ಯೂಲೈನ್ ಇಲ್ಲದ ಫೈಲ್ ಕೊಟ್ಟರೆ ಪಠ್ಯ ತಿದ್ದುವ ಸೆಡ್ ಇಲ್ಲದ್ದನ್ನು ಇಲ್ಲದ ಹಾಗೇ ಬಿಡುತ್ತದೆ. ಸಾಲು ಜೋಡಿಸುವ ಸಾರ್ಟ್ ಮತ್ತು ಸಾಲು ಹುಡುಕುವ ಗ್ರೆಪ್ ತಾವೇ ಸೇರಿಸುತ್ತವೆ. ಸಾಲುಗಳನ್ನು ಹಿಂದುಮುಂದಾಗಿ ತೋರಿಸುವ ಟ್ಯಾಕ್ ಇದೆಯಲ್ಲ, ಅದಕ್ಕೆ ಜಯನಗರ, ಯಲಹಂಕ ಎರಡೇ ಹೆಸರಿರುವ, ಕೊನೆಗೆ ನ್ಯೂಲೈನ್ ಇಲ್ಲದ ಫೈಲ್ ಕೊಡಿ. 'ಯಲಹಂಕಜಯನಗರ' ಅಂತ ಒಂದೇ ಸಾಲು ಬರುತ್ತದೆ. ಅದಕ್ಕೆ ಗಂಟು ಸಾಲಿನ ಜೊತೆಗೇ ಬರಬೇಕು. ಯಲಹಂಕಕ್ಕೆ ಗಂಟೇ ಇರಲಿಲ್ಲವಲ್ಲ. ಇನ್ನು ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್. ಲಿನಕ್ಸ್‌ನಲ್ಲಿ ಬಳಕೆಯಲ್ಲಿರುವ ಹಳೆಯ ಕ್ರಾನ್‌ಟ್ಯಾಬ್ ಕಮಾಂಡ್ ಕೊನೆಯ ಸಾಲಿಗೆ ನ್ಯೂಲೈನ್ ಇಲ್ಲದಿದ್ದರೆ ಫೈಲನ್ನು ಒಪ್ಪಿಕೊಳ್ಳುವುದೇ ಇಲ್ಲ, ಕಾರಣ ಹೇಳಿ ವಾಪಸ್ ಕಳಿಸುತ್ತದೆ. ನನಗೆ ಈ ನಡತೆ ಇಷ್ಟ. ಒಪ್ಪದಿದ್ದರೂ ಪರವಾಗಿಲ್ಲ, ಬಾಯಿ ಬಿಟ್ಟು ಹೇಳಿತಲ್ಲ.

ವಿಂಡೋಸ್‌ನ ಎರಡು ಅಕ್ಷರದ ಸಾಲು ಮುಕ್ತಾಯದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಟೆಲಿಟೈಪ್ ಯಂತ್ರದಲ್ಲಿ ಮುದ್ರಣದ ತಲೆಯನ್ನು ಎಡಕ್ಕೆ ತರಲು ಒಂದು ಸಂಕೇತ, ಕಾಗದ ಮೇಲೆ ಸರಿಸಲು ಇನ್ನೊಂದು. ಆಸ್ಕಿಯಲ್ಲಿ ಅವು 13 ಮತ್ತು 10. ಯುನಿಕ್ಸ್ 10 ಒಂದನ್ನೇ ಇಟ್ಟುಕೊಂಡಿತು, ಡಾಸ್ ಮತ್ತು ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ನಿಮ್ಮ ಟೂಲ್‌ಗೆ ವಿಂಡೋಸ್‌ನಿಂದ ಫೈಲ್ ಬರುವುದಾದರೆ ಓದುವಾಗ 13ನ್ನೂ ನೋಡಿಕೊಳ್ಳಿ.

ಈಗ ಟೋಕನ್. ಎರಡನೆಯ ಸೀನಿಯರ್ ಯಾಕೆ ಹೆದರಿದರು ಅಂತ ನನಗೆ ಅರ್ಥವಾಗುತ್ತದೆ. ಟರ್ಮಿನಲ್‌ನಲ್ಲಿ ಎಕೋ ಕಮಾಂಡ್‌ಗೆ ಬೆಂಗಳೂರು ಅಂತ ಕನ್ನಡದಲ್ಲೇ ಕೊಟ್ಟು ಬೈಟ್ ಎಣಿಸಿ. 25 ಬರುತ್ತದೆ. ಪ್ರಿಂಟ್‌ಎಫ್‌ನಲ್ಲಿ ಮಾಡಿ, 24 ಬರುತ್ತದೆ. ಯುನಿಕೋಡ್‌ನಲ್ಲಿ ಆ ಪದ ಎಂಟು ಸಂಕೇತ: ಬ, ಎತ್ವ, ಸೊನ್ನೆ, ಗ, ಳ, ಊಕಾರ, ರ, ಉಕಾರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಒಟ್ಟು 24. ಆ ಒಂದು ಹೆಚ್ಚಿನ ಬೈಟ್ ಎಕೋ ಸೇರಿಸಿದ ನ್ಯೂಲೈನ್.

ಇದನ್ನು ಬೇಸ್64 (ಬೈಟ್‌ಗಳನ್ನು ಮಾಮೂಲಿ ಅಕ್ಷರಗಳಲ್ಲಿ ಬರೆಯುವ ರೀತಿ) ಮಾಡಿದರೆ ಕನ್ನಡದಂಥ ಲಿಪಿಯಲ್ಲಿ ಬರೆಯುವವರಿಗೆ ಸಿಗುವ ಒಂದು ಸುಳಿವು ಕಾಣುತ್ತದೆ. ಬೇಸ್64 ಮೂರು ಮೂರು ಬೈಟ್ ತೆಗೆದುಕೊಂಡು ನಾಲ್ಕು ನಾಲ್ಕು ಅಕ್ಷರ ಮಾಡುತ್ತದೆ. ಬರೀ ಕನ್ನಡ ಅಕ್ಷರದ ಪದ ಯಾವತ್ತೂ ಮೂರರಿಂದ ಸರಿಯಾಗಿ ಭಾಗವಾಗುತ್ತದೆ. ಹಾಗಾಗಿ ಕೊನೆಯಲ್ಲಿ ಸಮ ಚಿಹ್ನೆ ಬರುವುದೇ ಇಲ್ಲ. ಒಂದು ನ್ಯೂಲೈನ್ ಸೇರಿತೋ, ಕೊನೆಗೆ ದೊಡ್ಡ ಸಿ, ಚಿಕ್ಕ ಜಿ, ಎರಡು ಸಮ ಚಿಹ್ನೆ ಬಂದು ಕೂರುತ್ತವೆ. ಇಂಗ್ಲಿಷ್ ಪಾಸ್‌ವರ್ಡ್‌ನಲ್ಲಿ ಉದ್ದದ ಮೇಲೆ ಬಾಲ ಬದಲಾಗುತ್ತದೆ, ಅದಕ್ಕೇ ಅದು ಕಣ್ಣಿಗೆ ಬೀಳುವುದಿಲ್ಲ. ಸರ್ವರ್‌ಗಳ ಮೇಲೆ ಪ್ರೋಗ್ರಾಂಗಳನ್ನು ಓಡಿಸುವ ಕುಬರ್ನೆಟಿಸ್‌ನಲ್ಲಿ ಸೀಕ್ರೆಟ್ ಇಡುವಾಗ ಪಾಸ್‌ವರ್ಡನ್ನು ಬೇಸ್64 ಮಾಡಿ ಹಾಕುತ್ತಾರೆ, ಅಲ್ವಾ? ಅಲ್ಲಿ ಎಕೋದಿಂದ ಮಾಡಿದರೆ ಪಾಸ್‌ವರ್ಡಿನ ಕೊನೆಗೆ ನ್ಯೂಲೈನ್ ಸೇರಿಕೊಳ್ಳುತ್ತದೆ, ಡೇಟಾಬೇಸ್ ಬಾಗಿಲು ತೆಗೆಯುವುದಿಲ್ಲ. ಸ್ಕ್ರೀನ್ ಮೇಲೆ ನೋಡಿದರೆ ಪಾಸ್‌ವರ್ಡ್ ಸರಿಯಾಗೇ ಇರುತ್ತದೆ. ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿ ತೆಗೆಯುವ ಗುರುತು) ಮಾಡುವಾಗಲೂ ಅಷ್ಟೇ, ಒಂದು ಬೈಟ್ ಜಾಸ್ತಿಯಾದರೆ ಇಡೀ ಉತ್ತರವೇ ಬೇರೆ.

ಆದರೆ ಆ ಭಯ ಅರ್ಧ ಮಾತ್ರ ನಿಜ ಅಂದೆನಲ್ಲ. ಜನ ಟೋಕನ್ ಬಳಸುವುದು ಹೆಚ್ಚಾಗಿ ಹೇಗೆ? ಶೆಲ್‌ನಲ್ಲಿ ಡಾಲರ್ ಮತ್ತು ಆವರಣದೊಳಗೆ ಕಮಾಂಡ್ ಬರೆದು ಅದರ ಔಟ್‌ಪುಟನ್ನು ವೇರಿಯಬಲ್‌ಗೆ ಹಾಕಿಕೊಳ್ಳುತ್ತಾರೆ. ಅಲ್ಲಿ ಶೆಲ್ ಕೊನೆಯ ನ್ಯೂಲೈನ್‌ಗಳನ್ನೆಲ್ಲ ತಾನೇ ತೆಗೆಯುತ್ತದೆ. ಒಂದಿದ್ದರೂ ತೆಗೆಯುತ್ತದೆ, ಐದಿದ್ದರೂ ತೆಗೆಯುತ್ತದೆ. ಹಾಗಾಗಿ ಆ ದಾರಿಯಲ್ಲಿ ನಿಮ್ಮ ನ್ಯೂಲೈನ್‌ನಿಂದ ಏನೂ ಕೆಡುವುದಿಲ್ಲ. ಕೆಡುವುದು ಔಟ್‌ಪುಟನ್ನು ನೇರವಾಗಿ ಬೇಸ್64ಗೋ ಹ್ಯಾಶ್‌ಗೋ ಪೈಪ್ ಮಾಡಿದಾಗ (ಒಂದು ಕಮಾಂಡ್ ಬರೆದದ್ದನ್ನು ಇನ್ನೊಂದಕ್ಕೆ ಹರಿಸಿದಾಗ), ಅಥವಾ ಫೈಲ್‌ಗೆ ಬರೆದು ಇನ್ನೊಂದು ಪ್ರೋಗ್ರಾಂ ಅದನ್ನು ಹಾಗೇ ಎತ್ತಿಕೊಂಡಾಗ.

ಅದಕ್ಕೆ ನನ್ನ ಸಲಹೆ: ಟೋಕನ್ ಕಮಾಂಡ್ ಕೂಡ ಮಾಮೂಲಾಗಿ ಒಂದು ನ್ಯೂಲೈನ್ ಕೊಡಲಿ. ಬೇಡವಾದವರಿಗೆ ಒಂದು ಆಪ್ಷನ್ ಇಡಿ. ಜೇಸನ್ ಡೇಟಾ ಓದುವ ಜೇಕ್ಯೂ ಟೂಲ್ ಹೀಗೇ ಮಾಡುತ್ತದೆ. ಆರ್ ಆಪ್ಷನ್ ಕೊಟ್ಟರೆ ಉದ್ಧರಣ ಚಿಹ್ನೆ ಇಲ್ಲದ ಪಠ್ಯ, ಸಾಲಿನ ಕೊನೆಗೆ ನ್ಯೂಲೈನ್. ಜೆ ಆಪ್ಷನ್ ಕೊಟ್ಟರೆ ನ್ಯೂಲೈನ್ ಕೂಡ ಇಲ್ಲ. ಇದಕ್ಕಿಂತ ಚೆನ್ನಾದ ಉದಾಹರಣೆ ಸೆಟ್ಟಿಂಗ್ ಫೈಲ್ ಬರೆಯಲು ಬಳಸುವ ಯಾಮಲ್. ಹಲವು ಸಾಲಿನ ಪಠ್ಯಕ್ಕೆ ಬರೀ ನೆಟ್ಟಗೆ ನಿಂತ ಗೆರೆ (|) ಹಾಕಿದರೆ ಕೊನೆಗೆ ಒಂದೇ ನ್ಯೂಲೈನ್ ಉಳಿಯುತ್ತದೆ. ಗೆರೆಯ ಪಕ್ಕ ಮೈನಸ್ ಹಾಕಿದರೆ ಒಂದೂ ಇಲ್ಲ. ಪ್ಲಸ್ ಹಾಕಿದರೆ ಇದ್ದಷ್ಟೂ ಉಳಿಯುತ್ತವೆ. ಬರೆಯುವವರೇ ಆರಿಸುತ್ತಾರೆ, ಆರಿಸಿದ್ದು ಕಣ್ಣಿಗೆ ಕಾಣುತ್ತದೆ. ನಿಮ್ಮ ಹೆಲ್ಪ್‌ನಲ್ಲೂ ಒಂದು ಸಾಲು ಬರೆಯಿರಿ: 'ಔಟ್‌ಪುಟ್ ಒಂದು ನ್ಯೂಲೈನ್‌ನಿಂದ ಮುಗಿಯುತ್ತದೆ.' ಆ ಸಾಲು ಯಾರಿಗೋ ಒಂದು ಸಂಜೆ ಉಳಿಸುತ್ತದೆ.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ನ್ಯೂಲೈನ್ ಹಾಕುವುದು, ಪೈಪ್‌ಗೆ ಹೋಗುತ್ತಿದ್ದರೆ ಬಿಡುವುದು ಅಂತ ನಿಮ್ಮ ರಿವ್ಯೂನಲ್ಲಿ ಯಾರಾದರೂ ಹೇಳಬಹುದು. ಕೇಳಲು ಜಾಣತನದ ಹಾಗಿದೆ. ಆದರೆ ಸ್ಕ್ರೀನ್ ಮೇಲೆ ಕಂಡಿದ್ದು ಒಂದು, ಪೈಪ್‌ನಲ್ಲಿ ಹೋಗಿದ್ದು ಇನ್ನೊಂದು ಆದರೆ ತಪ್ಪು ಹುಡುಕುವವರು ಕಣ್ಣನ್ನೇ ನಂಬುವ ಹಾಗಿಲ್ಲ. ಬಣ್ಣಕ್ಕೆ ಅದು ಸರಿ, ಬೈಟ್‌ಗೆ ಬೇಡ. ಹಾಗೇ ಒಂದು ಕಮಾಂಡ್ ನ್ಯೂಲೈನ್ ಕೊಟ್ಟು, ಅದೇ ಟೂಲ್‌ನ ಇನ್ನೊಂದು ಕೊಡದೆ ಇರುವುದೂ ಬೇಡ. ಪ್ರತಿ ಕಮಾಂಡ್‌ಗೂ ಒಂದು ನಿಯಮ ನೆನಪಿಟ್ಟುಕೊಳ್ಳಿ ಅಂತ ಬಳಸುವವರಿಗೆ ಹೇಳುವುದು ನ್ಯಾಯವಲ್ಲ.

ಇನ್ನು ರಿಪೇರಿ. ನಿಮ್ಮ ತೊಂದರೆಯ ಬೇರು ಆ ಜಾಯಿನ್. ಜಾಯಿನ್ ಹುಟ್ಟಿರುವುದೇ ನಡುವೆ ಇಡಲು, ಅದು ಬೇಲಿ ಹಾಕುತ್ತದೆ, ಗಂಟು ಹಾಕುವುದಿಲ್ಲ. ಜಾಯಿನ್ ಮಾಡಿದ್ದನ್ನು ಪ್ರಿಂಟ್‌ಗೆ ಕೊಟ್ಟರೆ ಮುಗಿಯಿತು ಅಂತ ಅನ್ನಿಸುತ್ತದೆ. 12 ಹೆಸರಿದ್ದಾಗ ಅದು ಸರಿಯಾಗೇ ಬರುತ್ತದೆ. ಆದರೆ ಪಟ್ಟಿ ಖಾಲಿ ಇದ್ದ ದಿನ ಪ್ರಿಂಟ್ ಒಂದು ಖಾಲಿ ಸಾಲು ಬರೆಯುತ್ತದೆ. ಡಬ್ಲ್ಯೂಸಿ ಅದನ್ನು 1 ಅಂತ ಎಣಿಸುತ್ತದೆ, ಸ್ಕ್ರಿಪ್ಟ್ ಹೆಸರಿಲ್ಲದ ಏರಿಯಾಗೆ ಗಾಡಿ ಕಳಿಸಲು ಹೊರಡುತ್ತದೆ. ಲೂಪ್ ಹಾಕಿ ಒಂದೊಂದು ಹೆಸರನ್ನೂ ಬೇರೆ ಬೇರೆ ಪ್ರಿಂಟ್ ಮಾಡಿ. ಹನ್ನೆರಡು ಇದ್ದರೆ ಹನ್ನೆರಡು ಗಂಟು. ಏನೂ ಇಲ್ಲದಿದ್ದರೆ ಒಂದು ಬೈಟೂ ಇಲ್ಲ. ಏನೂ ಸಿಗಲಿಲ್ಲ ಅಂತ ಮನುಷ್ಯರಿಗೆ ಹೇಳಬೇಕಿದ್ದರೆ ಆ ಮಾತನ್ನು ಎರರ್ ಔಟ್‌ಪುಟ್‌ಗೆ ಕಳಿಸಿ.

ಓದುವ ಕಡೆ ಮಾತ್ರ ಧಾರಾಳವಾಗಿರಿ. ಕೊನೆಯಲ್ಲಿ ನ್ಯೂಲೈನ್ ಇದ್ದರೂ ಓದಿ, ಇಲ್ಲದಿದ್ದರೂ ಓದಿ. ಪೈಥಾನ್‌ನಲ್ಲಿ ಇಡೀ ಪಠ್ಯವನ್ನು ನ್ಯೂಲೈನ್ ಇಟ್ಟು ಸ್ಪ್ಲಿಟ್ ಮಾಡಿದರೆ ಗಂಟು ಸರಿಯಾಗಿರುವ ಫೈಲ್‌ನಲ್ಲೂ ಕೊನೆಗೆ ಒಂದು ಖಾಲಿ ಹೆಸರು ಹುಟ್ಟುತ್ತದೆ. ಫೈಲನ್ನೇ ಸಾಲು ಸಾಲಾಗಿ ಲೂಪ್ ಮಾಡಿ. ಪ್ರತಿ ಸಾಲಿನಿಂದ ಒಂದು ನ್ಯೂಲೈನ್ ಮಾತ್ರ ತೆಗೆಯಿರಿ. ಪೈಥಾನ್ 3.9ರಿಂದ ಅದಕ್ಕೆ ರಿಮೂವ್‌ಸಫಿಕ್ಸ್ ಇದೆ. ಬರೀ ಸ್ಟ್ರಿಪ್ ಮಾಡಿದರೆ ಬೇಕಾದ ಸ್ಪೇಸ್‌ಗಳೂ ಹೋಗುತ್ತವೆ. ಏರಿಯಾ ಹೆಸರಿಗೆ ಅದರಿಂದ ತೊಂದರೆ ಇಲ್ಲದಿರಬಹುದು, ಪಾಸ್‌ವರ್ಡ್‌ಗೆ ಇದೆ.

ಕೈಯಲ್ಲಿ ಬರೆದ ಫೈಲ್‌ಗಳಿಗೆ ಎಡಿಟರ್ ನೋಡಿಕೊಳ್ಳಿ. ವಿಮ್ ಮತ್ತು ನ್ಯಾನೋ ಸೇವ್ ಮಾಡುವಾಗ ಕೊನೆಯ ನ್ಯೂಲೈನ್ ತಾವೇ ಹಾಕುತ್ತವೆ. ವಿಎಸ್ ಕೋಡ್ ಹಾಕುವುದಿಲ್ಲ, ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಟೀಮ್‌ಗೆಲ್ಲ ಒಂದೇ ಥರ ಬೇಕಿದ್ದರೆ ಎಡಿಟರ್‌ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಸಾಕು. ಕೋಡ್‌ನ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿ 'ಫೈಲಿನ ಕೊನೆಯಲ್ಲಿ ನ್ಯೂಲೈನ್ ಇಲ್ಲ' ಎಂಬ ಎಚ್ಚರಿಕೆ ನೋಡಿರುತ್ತೀರಿ. ಅಂಥ ಫೈಲಿಗೆ ಹೊಸ ಹೆಸರು ಸೇರಿಸಿದರೆ ನೀವು ಮುಟ್ಟದ ಹಳೆಯ ಕೊನೆಯ ಸಾಲೂ ಬದಲಾದ ಹಾಗೆ ತೋರಿಸುತ್ತದೆ. ನಿಜಕ್ಕೂ ಬದಲಾಗಿದೆ, ಅದಕ್ಕೆ ಈಗ ಗಂಟು ಬಿತ್ತು.

ಟೂಲನ್ನು ಈಗಾಗಲೇ ಬೇರೆ ಟೀಮ್‌ಗಳು ಬಳಸುತ್ತಿದ್ದರೆ ಬದಲಾವಣೆಯನ್ನು ಸದ್ದಿಲ್ಲದೆ ಹಾಕಬೇಡಿ. ಯಾರಾದರೂ ನಿಮ್ಮ ಔಟ್‌ಪುಟ್‌ನ ಹ್ಯಾಶ್ ಇಟ್ಟುಕೊಂಡಿರಬಹುದು. ಮುಂದಿನ ರಿಲೀಸ್‌ನಲ್ಲಿ ಬರೆದು ತಿಳಿಸಿ.

ಟೆಸ್ಟ್‌ಗಳನ್ನೂ ಒಮ್ಮೆ ತೆರೆದು ನೋಡಿ. ಔಟ್‌ಪುಟನ್ನು ಸ್ಟ್ರಿಪ್ ಮಾಡಿ ಹೋಲಿಸುವ ಟೆಸ್ಟ್ ಇದ್ದರೆ ಅದು ಈ ತಪ್ಪನ್ನು ಯಾವತ್ತೂ ಹಿಡಿಯುವುದಿಲ್ಲ. ಸ್ಟ್ರಿಪ್ ತೆಗೆದು ಬೈಟ್‌ಗೆ ಬೈಟ್ ಹೋಲಿಸಿ. ಖಾಲಿ ಪಟ್ಟಿ, ಒಂದೇ ಹೆಸರಿನ ಪಟ್ಟಿ, 12 ಹೆಸರಿನ ಪಟ್ಟಿ ಕೊಡಿ. ನ್ಯೂಲೈನ್ ಎಣಿಸಿದರೆ 0, 1, 12 ಬರಬೇಕು. ಯಲಹಂಕ ಕೊನೆಯಲ್ಲೇ ಇರಲಿ.